ನಡುವಯಸ್ಸಿನಲ್ಲಿ ಹಿಡಿದ ಲೇಖನಿ

ಸಂಸಾರಭಾರದಲ್ಲಿ ಓದುಬರಹಗಳು ಮರೆತುಹೋದುವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಹೇಳುವುದುಂಟು. ಅಂಥವರು ವಂಗದೇಶದ ರಾಸಸುಂದರೀ ದೇವಿಯವರ ವೃತ್ತಾಂತವನ್ನು ಅರಿತಿರತಕ್ಕದ್ದು. 1809ರ ಸುಮಾರಿನಲ್ಲಿ ಜನಿಸಿದ ಈಕೆಗೆ 12ನೆಯ ವಯಸ್ಸಿನಲ್ಲಿ ವಿವಾಹವಾಯಿತು; ಮಕ್ಕಳೂ 12 ಮಂದಿ. ಹೆಣ್ಣು ಓದಿದರೆ ಅನರ್ಥವೆಂದು ಜನರು ನಂಬಿದ್ದ ಕಾಲವದು. 25ರ ಪ್ರಾಯದ ಸುಮಾರಿಗೆ ಆಕೆಯು ಚೈತನ್ಯ ಭಾಗವತದ ಒಂದು ಹಾಳೆಯನ್ನೂ, ಮಗನು ಅಕ್ಷರ ತಿದ್ದಿದ್ದ ಒಂದು ತಾಳೆಯೋಲೆಯನ್ನೂ ಅಡಿಗೆಮನೆಯಲ್ಲಿ ಅಡಗಿಸಿಟ್ಟು, ಎರಡನ್ನೂ ಹೋಲಿಸಿ ನೋಡುತ್ತ, ಯಾರೂ ಅರಿಯದಂತೆ ಓದಲು ಕಲಿತರು.

ಆದರೆ ಬರೆಯಲು ಬಾರದು! ಇದು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಓದುವುದಕ್ಕೆ ಸೆರಗಿನ ಮರೆಯ ಹಾಳೆಯೊಂದು ಸಾಕು. ಬರೆಯುವುದಕ್ಕಾದರೋ ಕಾಗದ, ಲೇಖನಿ, ಮಸಿಕುಡಿಕೆಗಳನ್ನು ಹರಡಿಕೊಂಡು ಎಲ್ಲರ ಕಣ್ಣೆದುರಿಗೆ ಕುಳಿತಿರಬೇಕು. ಮನೆಯ ಸೊಸೆಗೆ ಆ ಅವಕಾಶವೆಲ್ಲಿ? (ನಮ್ಮಲ್ಲಿ ಎಷ್ಟು ಮಂದಿ ತಾಯಂದಿರಿಗೆ ಈಗಲೂ ಸ್ವಂತದ ಮೇಜೊಂದುಂಟು?) ಪರಸ್ಥಳದಲ್ಲಿ ಓದುತ್ತಿದ್ದ ಮಗನು ತನ್ನ ಕಾಗದಗಳಿಗೆ ತಾಯಿಯು ಉತ್ತರ ಬರೆಯಲೇಬೇಕೆಂದು ಹಟಹಿಡಿದು ಸಾಮಗ್ರಿಗಳನ್ನು ಒದಗಿಸಿಕೊಟ್ಟನು. ಪತಿಯ ಚಿಕಿತ್ಸೆಗಾಗಿ ಬೇರೆ ಊರಿನಲ್ಲಿದ್ದು ಮನೆಗೆಲಸವು ಕಡಮೆಯಾದಾಗ ಆಕೆಯು ಬರೆವಣಿಗೆಯನ್ನು ಅಭ್ಯಾಸ ಮಾಡಿದರು.

ಆ ಕೈಯಿಂದಲೇ ‘ಆಮಾರ್ ಜೀಬನ್’ ಎಂಬ ಆತ್ಮಚರಿತ್ರೆಯು ಹುಟ್ಟಿತು. ಅದಕ್ಕೆ ಎರಡನೆಯ ಭಾಗವನ್ನು ಸೇರಿಸಿ ಅಚ್ಚುಮಾಡಿಸಿದ 1897ರಲ್ಲಿ ಆಕೆಯ ವಯಸ್ಸು 85ನ್ನು ಮೀರಿತ್ತು.