ಸೂಜಿ ಚುಚ್ಚಿತು, ಟಿಟಿ ತಗೊಂಡೆ, ಸಾಕಲ್ವಾ?

ಹಿರಿಯೂರಿನಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಒಂದು ಬೆಂಗಳೂರು–ಪುಣೆ ರಸ್ತೆ, ಇನ್ನೊಂದು ಬಳ್ಳಾರಿ ಕಡೆಯಿಂದ ಬಂದು ಹುಳಿಯಾರಿನತ್ತ ಇಳಿಯುವ 150ಎ. ಇಂಥ ಕಡೆ ರಾತ್ರಿ ಹೊತ್ತು ಆಂಬುಲೆನ್ಸಿನಲ್ಲಿ ಬರುವ ಗಾಯಾಳುವಿನ ಹೆಸರೇ ಎಷ್ಟೋ ಸಲ ಗೊತ್ತಿರುವುದಿಲ್ಲ, ಇನ್ನು ರಕ್ತದ ರಿಪೋರ್ಟು ಎಲ್ಲಿಂದ ಬರಬೇಕು? ನೋವಿಗೆ ಅವನು ಕೈ ಜಾಡಿಸುತ್ತಾನೆ, ನರ ಹುಡುಕುತ್ತಿದ್ದ ಸಿಸ್ಟರ್ ಬೆರಳಿಗೆ ಸೂಜಿ ನಾಟುತ್ತದೆ. ಆಮೇಲೆ ನಡೆಯುವುದು ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ: ಬೆರಳು ಹಿಂಡು, ಸ್ಪಿರಿಟ್ ಸುರಿ, ಒಂದು ಟಿಟಿ ಹಾಕಿಸಿಕೋ, ಯಾರಿಗೂ ಹೇಳಬೇಡ.

ಟಿಟಿಯಿಂದಲೇ ಶುರು ಮಾಡೋಣ, ನಮ್ಮಲ್ಲಿ ಎಲ್ಲ ಗಾಯಕ್ಕೂ ಅದೇ ರಾಮಬಾಣ ತಾನೇ. ಅದು ತಡೆಯುವುದು ಧನುರ್ವಾಯುವನ್ನು, ಅಂದರೆ ಮಣ್ಣು ಗೊಬ್ಬರದಲ್ಲಿರುವ ರೋಗಾಣು ಗಾಯಕ್ಕೆ ಸೇರಿ ಬರುವ ಕಾಯಿಲೆಯನ್ನು. ರೋಗಿಯ ರಕ್ತ ಅಂಟಿದ ಸೂಜಿಯಿಂದ ಮುಖ್ಯವಾಗಿ ದಾಟುವುದು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ. ಈ ಮೂರಕ್ಕೂ ಟಿಟಿಗೂ ಯಾವ ಸಂಬಂಧವೂ ಇಲ್ಲ. ಟಿಟಿ ಹಾಕಿಸಿಕೊಂಡವರು ‘ಆಯ್ತು, ಮುಗೀತು’ ಎಂದು ಡ್ಯೂಟಿಗೆ ಮರಳುವುದೇ ಅದರಿಂದ ಆಗುವ ನಷ್ಟ.

ಹಿಂಡುವುದರಿಂದ ಕೆಟ್ಟ ರಕ್ತ ಹೊರಗೆ ಹೋಗುತ್ತದೆ ಎಂಬುದೂ ನಂಬಿಕೆಯೇ. ಹಿಂಡಿದರೆ ಆ ಜಾಗದ ಅಂಗಾಂಶ ಜಜ್ಜಿಹೋಗುತ್ತದೆ, ಅಷ್ಟೇ. ಬೆರಳನ್ನು ಬಾಯಿಗಿಟ್ಟು ಚೀಪುವುದಂತೂ ಬೇಡವೇ ಬೇಡ. ಸ್ಪಿರಿಟ್, ಬ್ಲೀಚಿಂಗ್ ದ್ರಾವಣ, ಅಯೋಡಿನ್ ಯಾವುದೂ ಬೇಕಿಲ್ಲ. ನಲ್ಲಿ ಬಿಟ್ಟು, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದರೆ ಸಾಕು. ರಕ್ತ ಕಣ್ಣಿಗೆ ಸಿಡಿದಿದ್ದರೆ ಬರೀ ನೀರು. ಇದು ತೀರಾ ಸಪ್ಪೆ ಚಿಕಿತ್ಸೆ ಎನಿಸುವುದರಿಂದಲೇ ಜನ ಉರಿಯುವಂಥದ್ದನ್ನು ಹುಡುಕುತ್ತಾರೋ ಏನೋ.

‘ಚುಚ್ಚಿತು ಅಂದ್ರೆ ಎಚ್‌ಐವಿ ಬಂತು ಅಂತಲೇ ಲೆಕ್ಕ.’ ಈ ಭಯ ಆಸ್ಪತ್ರೆಯ ಒಳಗೂ ಇದೆ, ಹೊರಗೂ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ. ಎಚ್‌ಐವಿ ಇರುವವರ ರಕ್ತದ ಸೂಜಿ ಸಾವಿರ ಸಲ ಚುಚ್ಚಿದರೆ, ಯಾವ ಔಷಧವನ್ನೂ ತೆಗೆದುಕೊಳ್ಳದಿದ್ದಾಗಲೂ, ಸುಮಾರು ಮೂರು ಸಲ ಸೋಂಕು ತಗಲಬಹುದು. ರೋಗಿ ನಿಯಮಿತವಾಗಿ ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆ ನುಂಗುತ್ತಿದ್ದರೆ ಅದು ಇನ್ನೂ ಕಡಿಮೆ. ಹೆಪಟೈಟಿಸ್ ಸಿ ಆದರೆ ನೂರಕ್ಕೆ ಎರಡರೊಳಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ರಕ್ತದ ಸೂಜಿ ಚುಚ್ಚಿದರೆ ನೂರಕ್ಕೆ 6ರಿಂದ 30. ಎಲ್ಲರೂ ಹೆದರುವುದು ಸಾವಿರಕ್ಕೆ ಮೂರರ ಕಾಯಿಲೆಗೆ. ನೂರಕ್ಕೆ ಮೂವತ್ತರವರೆಗೂ ಹೋಗುವ ಕಾಯಿಲೆಯ ಹೆಸರು ವಾರ್ಡಿನ ಮಾತುಕತೆಯಲ್ಲಿ ಕೇಳಿಬರುವುದೇ ಅಪರೂಪ.

ಕೇಳಿಬಂದರೂ ‘ಕಾಮಾಲೆ ತಾನೆ, ನಾಟಿ ಔಷಧ ಇದೆಯಲ್ಲ’ ಎಂಬ ಸಮಾಧಾನ. ಬಯಲುಸೀಮೆಯ ಹಳ್ಳಿಗಳಲ್ಲಿ ಕಾಮಾಲೆಗೆ ಸೊಪ್ಪು ಅರೆದು ಕೊಡುವವರು ಸಿಗುತ್ತಾರೆ, ಕಣ್ಣಿನ ಹಳದಿ ಇಳಿದದ್ದನ್ನು ಜನ ಕಂಡೂ ಇರುತ್ತಾರೆ. ನೀರಿನಿಂದ ಹರಡುವ ಎ ಬಗೆಯ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಬಿ ಹಾಗಲ್ಲ. ಸೋಂಕು ತಗಲಿದ ಎಷ್ಟೋ ಜನರಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಕೆಲವರ ಯಕೃತ್ತಿನಲ್ಲಿ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು, ಮುಂದೆ ಸಿರೋಸಿಸ್‌ಗೋ ಕ್ಯಾನ್ಸರಿಗೋ ದಾರಿ ಮಾಡುತ್ತದೆ. ಇನ್ನೊಂದು ಸಂಗತಿ: ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ‘ಹಳೇ ಸೂಜಿ, ರಕ್ತ ಒಣಗಿದೆ, ಏನಾಗಲ್ಲ’ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ವಿಚಿತ್ರವೆಂದರೆ ಮೂರರಲ್ಲಿ ಲಸಿಕೆ ಇರುವುದು ಇದೊಂದಕ್ಕೇ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲೇ ದೇಶೀ ಲಸಿಕೆ ತಂದು ಬೆಲೆ ಇಳಿಸಿತು. ಮಕ್ಕಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ದೇಶದ ತುಂಬ ಜಾರಿಯಾದದ್ದು 2011ರ ಹೊತ್ತಿಗೆ. ಇವತ್ತು ವಾರ್ಡಿನಲ್ಲಿ ಓಡಾಡುತ್ತಿರುವ ಸಿಬ್ಬಂದಿಯೆಲ್ಲ ಅದಕ್ಕೂ ಮೊದಲೇ ಹುಟ್ಟಿದವರು. ‘ಚಿಕ್ಕಂದಿನಲ್ಲಿ ಎಲ್ಲಾ ಇಂಜೆಕ್ಷನ್ ಹಾಕಿಸಿದ್ದಾರೆ’ ಎಂಬ ನೆನಪನ್ನು ನೆಚ್ಚಿಕೊಳ್ಳುವಂತಿಲ್ಲ. ಬೇಕಾದದ್ದು ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ತಪ್ಪಿಹೋಗುವುದು ಮೂರನೆಯದೇ. ಅಷ್ಟರಲ್ಲಿ ವರ್ಗಾವಣೆ ಆಗಿರುತ್ತದೆ, ಇಲ್ಲವೇ ಗುತ್ತಿಗೆ ಮುಗಿದಿರುತ್ತದೆ. ಮೂರೂ ಆದ ಮೇಲೆ ಒಂದೆರಡು ತಿಂಗಳಿಗೆ ರಕ್ತದಲ್ಲಿನ ಪ್ರತಿಕಾಯ ಅಳೆಯುವ ಟೈಟರ್ ಪರೀಕ್ಷೆ ಮಾಡಿಸಿ, ಅದು 10 ದಾಟಿದ್ದರೆ ಮುಂದೆ ಹೆಪಟೈಟಿಸ್ ಬಿ ಇರುವ ಯಾರ ರಕ್ತದ ಸೂಜಿ ಚುಚ್ಚಿದರೂ ಮತ್ತೆ ಚಿಕಿತ್ಸೆ ಬೇಕಿಲ್ಲ. ಲಸಿಕೆ ಆಗದವರಿಗೆ ಚುಚ್ಚಿದ ಮೇಲೂ ದಾರಿ ಇದೆ. ಇಮ್ಯುನೊಗ್ಲಾಬುಲಿನ್ ಚುಚ್ಚುಮದ್ದು ಮತ್ತು ಲಸಿಕೆಯ ಮೊದಲ ಡೋಸನ್ನು 24 ಗಂಟೆಯೊಳಗೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ಮುನ್ನೆಚ್ಚರಿಕೆಯ ಮಾತ್ರೆಯೂ ಇಲ್ಲ. ಆದರೆ ಬಂದರೆ ಸಾಮಾನ್ಯವಾಗಿ 12 ವಾರದ ಮಾತ್ರೆಗೆ ವಾಸಿಯಾಗುತ್ತದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಉಚಿತ.

‘ರೋಗಿಯ ರಿಪೋರ್ಟ್ ಬರಲಿ, ಆಮೇಲೆ ನೋಡೋಣ.’ ಇಲ್ಲಿ ಕಳೆದುಹೋಗುವುದು ಸಮಯ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯ ಮೊದಲ ಡೋಸ್ ಆದಷ್ಟೂ ಎರಡು ಗಂಟೆಯೊಳಗೆ ಹೊಟ್ಟೆಗೆ ಬೀಳಬೇಕು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಮೊದಲ ಡೋಸ್ ನುಂಗಿ ರಿಪೋರ್ಟ್ ಕಾಯಬಹುದು. ಬೇಡವೆಂದು ಗೊತ್ತಾದರೆ ನಿಲ್ಲಿಸಬಹುದು, ಬೇಕೆಂದಾದರೆ 28 ದಿನ ಬಿಡದೆ ಮುಗಿಸಬೇಕು. ಈಗಿನದು ದಿನಕ್ಕೊಂದೇ ಮಾತ್ರೆ, ಹಿಂದಿನಷ್ಟು ವಾಂತಿ ಸುಸ್ತು ಇಲ್ಲ. ಹಿರಿಯೂರಿನಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಸುಮಾರು 40 ಕಿ.ಮೀ. ಮಾತ್ರೆ ಇಟ್ಟ ಡಬ್ಬ ನಮ್ಮ ಆಸ್ಪತ್ರೆಯಲ್ಲಿ ಎಲ್ಲಿದೆ, ರಾತ್ರಿ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಚುಚ್ಚುವ ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ. ಸಲಹೆಗೆ 1097 ಉಚಿತ ಸಹಾಯವಾಣಿ ಇದೆ.

ಚುಚ್ಚಿದ ದಿನವೇ ಸಿಬ್ಬಂದಿಯ ರಕ್ತವನ್ನೂ ಪರೀಕ್ಷಿಸುತ್ತಾರೆ. ಅಂದು ನೆಗೆಟಿವ್ ಬಂದರೆ ‘ಬಚಾವಾದೆ’ ಎಂದು ಅರ್ಥವಲ್ಲ. ಅದು ಹೇಳುವುದು ಮೊದಲಿನಿಂದ ಸೋಂಕು ಇರಲಿಲ್ಲ ಎಂದಷ್ಟೇ. ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಮತ್ತೆ ಮಾಡಿಸಬೇಕು. ಮುಂದೆ ಪರಿಹಾರ ಕೇಳುವ ಪ್ರಸಂಗ ಬಂದರೆ ಆ ಮೊದಲ ದಿನದ ಕಾಗದವೇ ಸಾಕ್ಷಿ.

ಕ್ಯಾಪ್ ಮತ್ತೆ ಹಾಕಿಟ್ಟರೆ ಸುರಕ್ಷಿತ ಎನ್ನುವವರು ಇನ್ನೂ ಇದ್ದಾರೆ. ಎಡಗೈಯ ಎರಡು ಬೆರಳಲ್ಲಿ ಕ್ಯಾಪ್ ಹಿಡಿದು ಬಲಗೈಯ ಸೂಜಿಯನ್ನು ಅದರೊಳಗೆ ತೂರಿಸುವ ಆ ಕ್ಷಣದಲ್ಲೇ ಎಷ್ಟೋ ಬೆರಳುಗಳಿಗೆ ಚುಚ್ಚಿದೆ. ಬಳಸಿದ ಕೂಡಲೆ ಹಬ್ ಕಟರ್‌ನಲ್ಲಿ ಕತ್ತರಿಸಿ, ಬಿಳಿ ಗಟ್ಟಿ ಡಬ್ಬಕ್ಕೆ ಬೀಳಿಸುವುದೇ ಸರಿ. ಲಸಿಕೆಗೆ ಬಳಸುವ, ಒಮ್ಮೆ ಒತ್ತಿದರೆ ಲಾಕ್ ಆಗುವ ಸಿರಿಂಜ್ ಇದೆಯಲ್ಲ, ಅದು ಕಾಪಾಡುವುದು ಮುಂದಿನ ಮಗುವನ್ನು. ಅದರ ಸೂಜಿ ಎಎನ್‌ಎಂ ಬೆರಳಿಗೆ ಎಂದಿನಂತೆಯೇ ಚುಚ್ಚುತ್ತದೆ. ಗ್ಲೌಸ್ ಸೂಜಿಯನ್ನು ತಡೆಯದಿದ್ದರೂ ಒಳಹೋಗುವ ರಕ್ತವನ್ನು ತಗ್ಗಿಸುತ್ತದೆ, ಹಾಗಾಗಿ ಬೇಕೇ ಬೇಕು.

ಕತ್ತರಿಸದ ಸೂಜಿ ಕೊನೆಗೆ ಸಿಗುವುದು ಯಾರಿಗೆ? ಕಸದ ಚೀಲ ಎತ್ತುವ ಆಯಾಗೆ, ಡಿ ಗ್ರೂಪಿನ ಅಣ್ಣನಿಗೆ, ಬಟ್ಟೆ ಒಗೆಯುವವರಿಗೆ. ಇದು ಡಾಕ್ಟರು, ನರ್ಸುಗಳ ಸಮಸ್ಯೆ ಎಂಬ ತಿಳಿವಳಿಕೆಯಲ್ಲಿ ಇವರು ಲೆಕ್ಕಕ್ಕೇ ಬರುವುದಿಲ್ಲ. ಯಾವ ರೋಗಿಯ ಸೂಜಿ ಎಂಬುದೂ ಇವರಿಗೆ ಗೊತ್ತಾಗುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ, ಕಸ ಮುಟ್ಟುವ ಪ್ರತಿಯೊಬ್ಬರಿಗೂ ಆಸ್ಪತ್ರೆಯೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು ಎನ್ನುತ್ತದೆ. ಗುತ್ತಿಗೆಯವರು ಎಂಬ ವಿನಾಯಿತಿ ಅದರಲ್ಲಿಲ್ಲ. ಅದೇ ನಿಯಮ ಸೂಜಿ ಚುಚ್ಚುವುದನ್ನು ‘ದೊಡ್ಡ ಅಪಘಾತ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ವಾರ್ಷಿಕ ವರದಿಯಲ್ಲಿ ಬರೆದರಾಯಿತು. ಚುಚ್ಚಿಸಿಕೊಂಡವರು ಬಾಯಿಬಿಡದಿದ್ದರೆ ಅಲ್ಲಿ ಸೊನ್ನೆ ಬೀಳುತ್ತದೆ, ಸೊನ್ನೆ ಇರುವ ಕಡೆಗೆ ಹಬ್ ಕಟರ್ ಯಾರು ಕಳಿಸುತ್ತಾರೆ?

‘ಹೇಳಿದರೆ ಕೆಲಸ ಹೋಗುತ್ತೆ, ಊರೆಲ್ಲ ಗೊತ್ತಾಗುತ್ತೆ’ ಎಂಬ ಅಂಜಿಕೆಗೆ 2017ರ ಎಚ್‌ಐವಿ ಕಾಯ್ದೆಯಲ್ಲಿ ಉತ್ತರವಿದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಈ ಕಾಯ್ದೆಯಂತೆ ಪಿಇಪಿ ಒದಗಿಸುವುದು ಸಂಸ್ಥೆಯ ಕರ್ತವ್ಯ, ಸೋಂಕಿನ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ, ಗುಟ್ಟು ಬಿಟ್ಟುಕೊಡುವಂತಿಲ್ಲ. ರೋಗಿಯ ಎಚ್‌ಐವಿ ಪರೀಕ್ಷೆಯನ್ನೂ ಅವರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂಬುದು ಅದರ ಇನ್ನೊಂದು ಮುಖ.

ಕುರಿ, ದನ ಸಾಕುವ ಈ ಸೀಮೆಯಲ್ಲಿ ಇನ್ನೊಂದು ಸೂಜಿಯ ಮಾತೂ ಬೇಕು. ಕಾಲುಬಾಯಿ ಜ್ವರದ ಲಸಿಕೆ ಎಣ್ಣೆ ಬೆರೆತದ್ದು. ಅದು ಬೆರಳಿಗೆ ಚುಚ್ಚಿದರೆ ತೂತು ಸಣ್ಣದೇ ಕಂಡರೂ ಒಳಗೆ ಬಾವು ಏರಿ ರಕ್ತ ಸಂಚಾರವೇ ನಿಲ್ಲಬಹುದು, ಕಾದು ನೋಡುವಂತಿಲ್ಲ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಕೊಡುವ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆಯಲ್ಲಿ ಇರುವುದು ಜೀವಂತ ರೋಗಾಣು, ಮನುಷ್ಯರಿಗೆ ಚುಚ್ಚಿದರೆ ಕಾಯಿಲೆಯನ್ನೇ ತರಬಲ್ಲದು. ‘ಲಸಿಕೆ ತಾನೆ, ಒಳ್ಳೇದೇ ಆಯ್ತು’ ಎಂದು ನಗುವ ವಿಷಯವಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು, ಲಸಿಕೆಯ ಸೀಸೆಯನ್ನೂ ಜೊತೆಗೆ ಒಯ್ಯಬೇಕು. ಯಾವ ಲಸಿಕೆ ಎಂದು ನೋಡಿದ ಮೇಲೆಯೇ ಆಂಟಿಬಯಾಟಿಕ್ ಕೊಡಬೇಕೋ ಬೆರಳನ್ನು ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕೋ ಎಂದು ವೈದ್ಯರು ತೀರ್ಮಾನಿಸುವುದು.