ಮಾವಿನ ಮರದ ಜಾಗಕ್ಕೆ ಹೀರೆಬಳ್ಳಿ

ಪಕ್ಕದ ಸೈಟಿನ ಮಾವಿನ ಮರವನ್ನು ಕಳೆದ ಡಿಸೆಂಬರಿನಲ್ಲಿ ಕಡಿದರು. ಸೈಟು ಅವರದು, ಮನೆ ಕಟ್ಟಬೇಕು, ಮರ ಅಡ್ಡ ಬಂತು, ತಪ್ಪೆನ್ನುವ ಹಾಗಿಲ್ಲ. ಆದರೆ ಮೈಸೂರಿನ ನಮ್ಮ ಮನೆಯ ಪಡುವಣ ಕೋಣೆಗೆ ಇಷ್ಟು ವರ್ಷ ನೆರಳು ಕೊಟ್ಟದ್ದು ಆ ಮರವೇ. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ನನ್ನಾಕೆ ಮಲಗಿದ್ದುದು ಅದೇ ಕೋಣೆಯಲ್ಲಿ. ಮರ ಹೋದ ಮರುದಿನ ಸಂಜೆ ನಾಲ್ಕಕ್ಕೆ ಬಿಸಿಲು ನೇರ ಹಾಸಿಗೆಗೇ ಬಂತು.

"ರೀ, ಈಗಲೇ ಹೀಗಾದರೆ ಶಿವರಾತ್ರಿ ಕಳೆದ ಮೇಲೆ ಹೇಗೆ?" ಎಂದಳು. ಪರದೆ ಎಳೆದರೆ ಗಾಳಿಯಿಲ್ಲ. ಹಾಗಾಗಿ ನನಗಿದ್ದ ವಾಯಿದೆ ಹೆಚ್ಚೆಂದರೆ ಮೂರು ತಿಂಗಳು.

ಎರಡು ಸೈಟುಗಳ ನಡುವೆ ಇರುವುದು ಆಳೆತ್ತರದ ತಂತಿಬೇಲಿ. ಅದರ ಮೇಲೆ ಬೇಗ ಹಬ್ಬುವ ಬಳ್ಳಿ ಬೇಕೆಂದು ನರ್ಸರಿಗೆ ಹೋದೆ. ಅಲ್ಲಿನ ಹುಡುಗ ಕರ್ಟನ್ ಕ್ರೀಪರ್ ತೋರಿಸಿದ. ಅದು ಮಹಡಿಯ ಮೇಲಿಂದ ಇಳಿಬಿಟ್ಟರೆ ಚೆಂದ, ಕೆಳಗಿನಿಂದ ಹತ್ತಿಸಲು ತರವಲ್ಲ. ಕಾಗದದ ಹೂವಿಗೆ ಮುಳ್ಳು. ಮೊಮ್ಮಗಳು ಓಡಾಡುವ ಜಾಗ. ಇನ್ನು ರಂಗೂನ್ ಮಲ್ಲಿಗೆ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುವ ಆ ಹೂವೆಂದರೆ ನನಗೆ ಪ್ರಾಣ. ಆದರೆ ಹಿಂದೆ ಬಾಡಿಗೆ ಮನೆಯಲ್ಲಿದ್ದಾಗ ಅದನ್ನು ಬಿದಿರಿನ ಚೌಕಟ್ಟಿಗೆ ಹಬ್ಬಿಸಿ ಕೆಟ್ಟಿದ್ದೆ. ಎರಡನೆಯ ವರ್ಷ ಮಳೆಯಲ್ಲಿ ನೆನೆದು ಭಾರವಾದ ಬಳ್ಳಿ, ಚೌಕಟ್ಟನ್ನೂ ಓನರ್ ಮನೆಯವರ ತುಳಸಿಕುಂಡವನ್ನೂ ಒಟ್ಟಿಗೇ ಮಲಗಿಸಿತು. ಕಬ್ಬಿಣದ ಕಮಾನಿದ್ದವರು ಮಾತ್ರ ಅದರ ತಂಟೆಗೆ ಹೋಗಬೇಕು.

ಮಕ್ಕಳೇ, ಬಳ್ಳಿ ಕೊಳ್ಳುವ ಮೊದಲು ಅದು ಹತ್ತುವುದು ಹೇಗೆಂದು ನೋಡಬೇಕು. ಮೆಣಸಿನ ಬಳ್ಳಿ, ಮನಿಪ್ಲಾಂಟ್ ಬೇರುಬಿಟ್ಟು ಅಂಟಿಕೊಳ್ಳುತ್ತವೆ. ಅವಕ್ಕೆ ಮರವೋ ಗೋಡೆಯೋ ಬೇಕು. ಹೀರೆ, ಹಾಗಲ, ತೊಂಡೆ ಸ್ಪ್ರಿಂಗಿನಂಥ ಎಳೆ ಚಾಚಿ ಹಿಡಿಯುತ್ತವೆ. ಅವರೆ, ಶಂಖಪುಷ್ಪ ತಮ್ಮ ಮೈಯನ್ನೇ ಆಸರೆಗೆ ಸುತ್ತುತ್ತವೆ. ತೆಳು ತಂತಿಗೆ ಒಗ್ಗುವುದು ಈ ಕೊನೆಯ ಎರಡು ಬಗೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಖರ್ಚಿಗೆ ಒಂದು ಖಾತೆ, ಉಳಿತಾಯಕ್ಕೆ ಒಂದು ಎಂದು ಎರಡು ಬೀಜ ಆರಿಸಿದೆ. ಹೀರೆ ಎರಡೇ ತಿಂಗಳಲ್ಲಿ ಅಗಲವಾದ ಎಲೆಗಳಿಂದ ಬೇಲಿ ಮುಚ್ಚುತ್ತದೆ, ಆದರೆ ನಾಲ್ಕೈದು ತಿಂಗಳಿಗೆ ಅದರ ಆಟ ಮುಗಿಯುತ್ತದೆ. ಶಂಖಪುಷ್ಪದ ಎಲೆ ಚಿಕ್ಕದು, ನೆರಳು ತೆಳು. ಆದರೆ ವರ್ಷಗಟ್ಟಲೆ ಬಾಳುತ್ತದೆ. ಬೀಜಗಳನ್ನು ರಾತ್ರಿಯಿಡೀ ನೆನೆಸಿ, ಎರಡಡಿಗೊಂದು ಗುಂಡಿಯಂತೆ ಕೊಟ್ಟಿಗೆ ಗೊಬ್ಬರ ಹಾಕಿ, ಜನವರಿ ಮೊದಲ ವಾರ ಊರಿದೆ. ಶಂಖಪುಷ್ಪದ ಬೀಜಕ್ಕೆ ಸಿಪ್ಪೆ ಗಟ್ಟಿ. ನೆನೆಸುವ ಮೊದಲು ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿದೆ. ಬೇಲಿಯಿಂದ ಕಿಟಕಿಯ ಸಜ್ಜೆಗೆ ತೆಂಗಿನ ನಾರಿನ ಹಗ್ಗ ಎಳೆದು ಕಟ್ಟಿದೆ. ಏಣಿ ಹತ್ತಿದ್ದಕ್ಕೆ ಮಗನಿಂದ ಬೈಸಿಕೊಂಡದ್ದು ಬೇರೆ ಮಾತು.

ಚಾರ್ಲ್ಸ್ ಡಾರ್ವಿನ್ ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾಗದೆ ಇದ್ದಾಗ, ಕುಂಡದಲ್ಲಿದ್ದ ಹಾಪ್ ಎಂಬ ಬಳ್ಳಿಯನ್ನು ಹಗಲು ರಾತ್ರಿ ನೋಡುತ್ತಿದ್ದನಂತೆ. ಅದರ ತುದಿ ಆಸರೆ ಹುಡುಕುತ್ತ ಸುಮಾರು ಎರಡು ಗಂಟೆಗೊಂದು ಸುತ್ತು ತಿರುಗುವುದನ್ನು ಗುರುತಿಸಿದ. ಬಳ್ಳಿಗಳ ಬಗ್ಗೆ ಅವನು ಬರೆದದ್ದು 1865ರಲ್ಲಿ ಪ್ರಕಟವಾಯಿತು. ಇದನ್ನು ಹೇಳಿದ್ದೇ ತಡ, ಐದನೆಯ ಕ್ಲಾಸಿನ ಮೊಮ್ಮಗಳು ಅಜ್ಜಿಯನ್ನೇ ಡಾರ್ವಿನ್ ಮಾಡಿದಳು. ಅಜ್ಜಿ ಹಾಸಿಗೆಯಿಂದ ನೋಡಿ ಹೇಳಬೇಕು, ಇವಳು ರಫ್ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬೆಳಿಗ್ಗೆ ಎಂಟಕ್ಕೆ ಬೇಲಿಯ ಕಡೆಗಿದ್ದ ಶಂಖಪುಷ್ಪದ ತುದಿ ಒಂಬತ್ತಕ್ಕೆ ಕಿಟಕಿಯ ಕಡೆಗೆ! ಆಪರೇಷನ್ ಆದಮೇಲೆ ಇವಳು ನೋವಿನ ಸುದ್ದಿ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಆಗಲೇ.

ಮಾರ್ಚ್ ನಡುವಿಗೆ ಕೋಣೆಯೊಳಗೆ ಹಸಿರು ನೆರಳು. ಹೀರೆಹೂ ಅರಳುವುದು ಸಂಜೆಯ ಹೊತ್ತಿಗೆ. ಹಳದಿ ಕಂಡೊಡನೆ "ಹೂವಾಯ್ತು, ಕಾಫಿ ಆಗಲಿಲ್ಲವಾ?" ಎಂದು ಒಳಗಿನಿಂದ ಕೂಗು. ಕಾಯಿ ಬೇಲಿಯ ಎರಡೂ ಕಡೆ ಇಳಿಬಿದ್ದವು. ಆಚೆಯದನ್ನು ಗಾರೆ ಕೆಲಸದವರು ಕೊಯ್ದುಕೊಂಡರು, ಈಚೆಯದರ ಸಿಪ್ಪೆಯಲ್ಲಿ ನಾವು ಚಟ್ನಿ ಮಾಡಿದೆವು. ಮೊಮ್ಮಗಳು ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿ, ನೀಲಿ ನೀರಿಗೆ ನಿಂಬೆರಸ ಹಿಂಡಿ ನೇರಳೆ ಮಾಡಿ, ಬೀದಿಯ ಮಕ್ಕಳಿಗೆಲ್ಲ ಮಾಟ ತೋರಿಸಿದಳು.

ಜೂನ್ ಬರುವಾಗ ಹೀರೆ ಹಳದಿಯಾಗಿ ಒಣಗಿತು. ಅಷ್ಟರಲ್ಲಿ ಪಕ್ಕದ ಮನೆಯ ಮೊದಲ ಮಹಡಿ ಎದ್ದು, ಅದರ ಗೋಡೆಯೇ ಸಂಜೆಬಿಸಿಲನ್ನು ತಡೆಯತೊಡಗಿತು. "ಇನ್ನು ಹೀರೆ ಬೇಡ ಬಿಡು, ನೆರಳಿಗೆ ಗೋಡೆ ಇದೆಯಲ್ಲ" ಎಂದೆ. ಇವಳು ಉತ್ತರ ಕೊಡಲಿಲ್ಲ. ಕೋಲೂರಿಕೊಂಡು ತಾನೇ ಬೇಲಿಯವರೆಗೆ ನಡೆದು, ಪೂಜೆಗೆ ನಾಲ್ಕು ನೀಲಿ ಹೂ ಕೊಯ್ದು, ಒಣಗಿದ ಹೀರೆಕಾಯಿಯೊಂದನ್ನು ನನ್ನ ಕೈಗಿತ್ತಳು.

"ಬೀಜ ಬಿಡಿಸಿ, ರಾತ್ರಿ ನೆನೆಹಾಕಿ" ಎಂದಳು.