ಎಂಜಿನ್ ಮೌಂಟಿಂಗ್ ಗಟ್ಟಿ ಮಾಡುವ ಕೆಲಸ: ಲಾಭ ಮತ್ತು ಮಿತಿ

ಕಾರಿನ ಎಂಜಿನ್ನನ್ನು ಬಾಡಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿದಿರುವುದಿಲ್ಲ. ನಡುವೆ ಮೂರು ನಾಲ್ಕು ಕಡೆ ಲೋಹಕ್ಕೆ ಬೆಸೆದ ರಬ್ಬರ್ ಆಸರೆಗಳಿರುತ್ತವೆ. ಗ್ಯಾರೇಜಿನವರು ಇವನ್ನು ಎಂಜಿನ್ ಮೌಂಟಿಂಗ್ ಎನ್ನುತ್ತಾರೆ. ಎಂಜಿನ್ ಅತ್ತಿತ್ತ ವಾಲದಂತೆ ಹಿಡಿಯುವುದು, ಅದರ ನಡುಕ ಬಾಡಿಗೆ ದಾಟದಂತೆ ತಡೆಯುವುದು, ಇವೆರಡೂ ಇವುಗಳ ಕೆಲಸ. ಮೊದಲನೆಯದಕ್ಕೆ ಗಟ್ಟಿ ರಬ್ಬರ್ ಬೇಕು, ಎರಡನೆಯದಕ್ಕೆ ಮೆದು ರಬ್ಬರ್.

ಮಂಡ್ಯದ ಮೈಷುಗರ್ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಈ ರಬ್ಬರ್ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡು ಅವೇ ಚಾಸಿಯಾಗಿರುತ್ತವೆ. ಬಲ ಪೋಲಾಗುವುದಿಲ್ಲ, ಆದರೆ ನಡುಕವೆಲ್ಲ ಚಾಲಕನ ಮೈಗೆ ಬಡಿಯುತ್ತದೆ. ಕಾರಿನಲ್ಲಿ ಅದನ್ನು ತಪ್ಪಿಸಲು 1931ರಲ್ಲಿ ಅಮೆರಿಕದ ಪ್ಲಿಮತ್ ಕಾರು ‘ಫ್ಲೋಟಿಂಗ್ ಪವರ್’ ಎಂಬ ರಬ್ಬರ್ ಆಸರೆಯ ಏರ್ಪಾಡನ್ನು ತಂದಿತು.

ಗಟ್ಟಿ ಮಾಡುವುದೇಕೆ?

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ, ಚಕ್ರಕ್ಕೆ ಹೋದಷ್ಟೇ ತಿರುಚುಬಲ ಎಂಜಿನ್ನನ್ನು ಹಿಂದಕ್ಕೆ ಹೊರಳಿಸುತ್ತದೆ. ಎಂಜಿನ್ 60 ನ್ಯೂಟನ್ ಮೀಟರ್ ಕೊಟ್ಟು, ಮೊದಲ ಗೇರಿನ ಒಟ್ಟು ಅನುಪಾತ 14 ಇದ್ದರೆ, ಮೌಂಟಿಂಗ್‌ಗಳು ತಡೆಯಬೇಕಾದ ತಿರುಚುಬಲ ಸುಮಾರು 840 ನ್ಯೂಟನ್ ಮೀಟರ್. ರಬ್ಬರ್ ಸಡಿಲವಾಗಿದ್ದರೆ ಎಂಜಿನ್ ಮೊದಲು ಹೊರಳಿ, ಆಮೇಲೆ ಕಾರು ಮುಂದೆ ಹೋಗುತ್ತದೆ. ಗೇರ್ ಬೀಳುವಾಗ ‘ಟಕ್’ ಎನ್ನುತ್ತದೆ, ಕ್ಲಚ್ ಬಿಟ್ಟಾಗ ಕಾರು ಎಗರುತ್ತದೆ. ಗಟ್ಟಿ ಮಾಡಿದರೆ ಈ ತಡ ತಗ್ಗುತ್ತದೆ. ಎಂಜಿನ್ನಿನ ಶಕ್ತಿ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ.

ಮಾಡುವ ಕ್ರಮ

ಮೌಂಟಿಂಗ್ ರಬ್ಬರಿನ ನಡುವೆ ತಯಾರಕರು ಖಾಲಿ ಸಂದು ಬಿಟ್ಟಿರುತ್ತಾರೆ. ಅದನ್ನು ತುಂಬುವುದೇ ಈ ಕೆಲಸ. ಆಯಿಲ್ ಸಂಪ್ ಅಡಿಗೆ ಮರದ ಹಲಗೆ ಇಟ್ಟು, ಎಂಜಿನ್ ಭಾರವನ್ನು ಜ್ಯಾಕ್ ಮೇಲೆ ಭದ್ರವಾಗಿ ಕೂರಿಸಿದ ಮೇಲೆಯೇ ಬೋಲ್ಟ್ ಬಿಚ್ಚಬೇಕು. ಕಳಚಿದ ಭಾಗದ ಗ್ರೀಸ್, ಮಣ್ಣು ತೊಳೆದು, ಒಣಗಿಸಿ, ಸಂದಿನ ಗೋಡೆಯನ್ನು ಉಪ್ಪುಕಾಗದದಿಂದ ಉಜ್ಜಿ, ಒಂದು ಬದಿಗೆ ಟೇಪ್ ಅಂಟಿಸಬೇಕು. ಎರಡು ಭಾಗಗಳ ಪಾಲಿಯುರೆಥೇನನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಕಲಸಿ ನಿಧಾನವಾಗಿ ಸುರಿಯಬೇಕು. ತೇವ ತಾಗಿದರೆ ಅದು ಗುಳ್ಳೆ ಎದ್ದು ಹಾಳಾಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸ ಬೇಡ. ಪಾಲಿಯುರೆಥೇನಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಮಾಡಬೇಕು. ಪೂರ್ತಿ ಗಟ್ಟಿಯಾದ ಮೇಲೆಯೇ ಭಾಗವನ್ನು ವಾಪಸ್ ಜೋಡಿಸಬೇಕು.

ಹಳೆಯ ಟೈರಿನ ತುಂಡು ಕತ್ತರಿಸಿ ತುರುಕುವುದೂ ಉಂಟು. ಅದು ಆಯಿಲ್ ತಾಗಿ ಊದುತ್ತದೆ, ಜಾರಿ ಬೀಳುತ್ತದೆ. ಒಳಗೆ ದ್ರವ ತುಂಬಿದ ಹೈಡ್ರಾಲಿಕ್ ಮೌಂಟಿಂಗ್‌ಗೆ ಯಾವ ತುಂಬುವಿಕೆಯೂ ಹೊಂದುವುದಿಲ್ಲ.

ತೆರಬೇಕಾದ ಬೆಲೆ

ಮಾರುತಿ 800ರಂಥ ಮೂರು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ 20 ಸಲ ಉರಿಯುತ್ತದೆ. ಆಸರೆಯ ಮೇಲೆ ಕೂತ ಎಂಜಿನ್ನಿನ ಸಹಜ ಕಂಪನ ಸೆಕೆಂಡಿಗೆ 14ಕ್ಕಿಂತ ಕಡಿಮೆ ಇದ್ದರೆ ಮಾತ್ರ ಈ ನಡುಕ ತಗ್ಗುತ್ತದೆ. ರಬ್ಬರ್ ಗಟ್ಟಿಯಾದಷ್ಟೂ ಆ ಸಂಖ್ಯೆ ಏರುತ್ತದೆ. 20ರ ಹತ್ತಿರ ಬಂದರೆ ಸ್ಟೀರಿಂಗ್, ಕನ್ನಡಿ, ಡ್ಯಾಶ್‌ಬೋರ್ಡ್ ಎಲ್ಲ ಅದುರುತ್ತವೆ. ಬಹಳ ದಿನ ಹೀಗೇ ಓಡಿಸಿದರೆ ಬ್ರಾಕೆಟ್ ಬಿರುಕು ಬಿಡಬಹುದು.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಗಟ್ಟಿ ಮೌಂಟಿಂಗ್‌ನಿಂದ ಸಿಗುವುದು ಅತ್ಯಲ್ಪ. ಮಳವಳ್ಳಿ ಕಡೆಯ ಹಳ್ಳಿ ರಸ್ತೆಯಲ್ಲಿ ಕಬ್ಬಿನ ಗಾಡಿಯ ಹಿಂದೆ ಮೊದಲ, ಎರಡನೇ ಗೇರಿನಲ್ಲಿ ತೆವಳುವಾಗ ಹಿಡಿತ ಗೊತ್ತಾಗುತ್ತದೆ; ನಡುಕವೂ ಅಷ್ಟೇ ಗೊತ್ತಾಗುತ್ತದೆ.

ಆದ್ದರಿಂದ ಮೊದಲು ಹಳೆಯ ಮೌಂಟಿಂಗ್ ಪರೀಕ್ಷಿಸಬೇಕು. ರಬ್ಬರ್ ಹರಿದಿದ್ದರೆ ಅಥವಾ ಲೋಹದಿಂದ ಬಿಟ್ಟಿದ್ದರೆ ತುಂಬಿ ಪ್ರಯೋಜನವಿಲ್ಲ, ಕಂಪನಿಯ ಹೊಸದನ್ನೇ ಹಾಕಿಸಬೇಕು. ಚೆನ್ನಾಗಿದ್ದೂ ಇನ್ನಷ್ಟು ಹಿಡಿತ ಬೇಕೆನಿಸಿದರೆ, ಎಂಜಿನ್ ಹೊರಳುವುದನ್ನು ತಡೆಯುವ ಒಂದು ಮೌಂಟಿಂಗನ್ನಷ್ಟೇ ಗಟ್ಟಿ ಮಾಡಿ, ಭಾರ ಹೊರುವ ಉಳಿದವನ್ನು ಮೆದುವಾಗಿಯೇ ಬಿಡುವುದು ಸರಿ.